ಕೂದಲಿಗೆ ಹೋದ ಮಸಿ

ನನ್ನ ಕತ್ತರಿಯ ಸದ್ದು ಕೇಳಿದರೆ ಬೋಳುತಲೆಯಲ್ಲೂ ಕೂದಲು ಎದ್ದು ನಿಲ್ಲುತ್ತದೆ. ಅಂಥ ಕಟಿಂಗ್ ಅಂಗಡಿ ನನ್ನದು! ಮೊನ್ನೆ ಅದರ ಗೋಡೆಗೊಂದು ಚಿತ್ರ ಬೇಕೆನಿಸಿತು. ಆನೆ ಹೊಕ್ಕರೂ ಹುಡುಕಿದರೆ ಸಿಗದಷ್ಟು ದಟ್ಟ ಕಪ್ಪು ಕೂದಲಿನ ಗಂಡಿನ ಚಿತ್ರ. ಮನೆಯ ಪ್ರಿಂಟರಿನಲ್ಲಿ ತೆಗೆದೆ, ಹಣೆ ಹಾರಿಹೋಗಿತ್ತು. ಮತ್ತೆ ತೆಗೆದೆ, ಕಿವಿ ಕಾಣೆ. ಹದಿನೆಂಟನೆಯ ಸಲಕ್ಕೆ ಗಂಡು ಪೂರ್ತಿ ಬಂದ. ಪ್ರಿಂಟರಿನ ಕೆಂಪು ದೀಪವೂ ಮಿಣುಕಿತು.

ಅಷ್ಟರಲ್ಲಿ ಮಗಳು ಓಡಿ ಬಂದಳು. "ಅಪ್ಪಾ, ನನ್ನ ಪ್ರಾಜೆಕ್ಟ್ ವರದಿ! ಮೂವತ್ತು ಪುಟ. ನಾಲ್ಕು ಗಂಟೆಯೊಳಗೆ ಕಾಲೇಜಿಗೆ ಕೊಡದಿದ್ರೆ ಪರೀಕ್ಷೆಗೆ ಕೂರಿಸಲ್ಲ!"

ಮಸಿ ತಳ ಕಂಡಿತ್ತು. ಉಳಿದದ್ದು ಹದಿನಾರೇ ಹಾಳೆ. ಊರಿನ ಪ್ರಿಂಟ್ ಅಂಗಡಿಗಳಿಗೆಲ್ಲ ಅಂದು ವಾರದ ರಜೆ.

ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿರುವ ನನ್ನವಳು ಬಂದು ನೋಡಿದಳು. "ರೀ, ಇವನ ತಲೆಗೆಲ್ಲ ಮಸಿ ಬಳಿದ್ರಲ್ಲ, ಮಗಳ ಅಕ್ಷರಕ್ಕೆ ಏನು ಉಳಿಸಿದ್ರಿ?"

"ತೆಗೆದು ನೋಡದೆ ಹೇಗೆ ಗೊತ್ತಾಗುತ್ತೆ ಕಣೇ?"

"ಗಿರಾಕಿ ಕೂದಲು ಕತ್ತರಿಸಿ, ಆಮೇಲೆ ಹೇಗೆ ಬೇಕು ಅಂತ ಕೇಳ್ತೀರಾ? ಮೊದಲು ಕನ್ನಡಿ ಮುಂದೆ ಕೂರಿಸ್ತೀರಿ ತಾನೆ? ಇದಕ್ಕೂ ಕನ್ನಡಿ ಇದೆ. ನೋಡಿ, ಪ್ರಿವ್ಯೂ."

ಪರದೆಯ ಮೇಲೆ ಒಂದೊಂದೇ ಪುಟ ನೋಡಿದಳು. ಮುಖಪುಟದ ಕಪ್ಪು ಹಿನ್ನೆಲೆಯನ್ನು ಬಿಳಿ ಮಾಡಿದಳು. ಕೊನೆಯ ಪುಟದಲ್ಲಿ ಒಂದೇ ಒಂದು ಸಾಲು ಮಹಾರಾಜನಂತೆ ಕೂತಿತ್ತು. ಅದನ್ನು ಹಿಂದಿನ ಪುಟಕ್ಕೆ ಎಳೆದಳು. ಕಡಿಮೆ ಮಸಿಯ 'ಡ್ರಾಫ್ಟ್' ಆರಿಸಿ, 'ಎರಡೂ ಬದಿ' ಒತ್ತಿದಳು.

"ಅಕ್ಷರ ಇರುವೆ ನಡೆದ ಹಾಗೆ ತೆಳ್ಳಗೆ ಬರುತ್ತೆ!" ಎಂದೆ.

"ಓದೋಕೆ ಬಂದ್ರೆ ಸಾಕು. ನೀವು ಸುಮ್ನಿರಿ."

ಹದಿನೈದು ಹಾಳೆ ಹೊರಬರುವಷ್ಟರಲ್ಲಿ ನನ್ನ ವಯಸ್ಸು ಹದಿನೈದು ವರ್ಷ ಏರಿತು. ಕೊನೆಯ ಸಾಲು ಮೂಡಿದ್ದೇ ತಡ, ಮಗಳು ಬಾಣದಂತೆ ಓಡಿದಳು. ನಾಲ್ಕಕ್ಕೆ ಐದು ನಿಮಿಷವಿರುವಾಗ ಫೋನು ಬಂತು: "ತಗೊಂಡ್ರು ಅಪ್ಪಾ!"

ಹಣೆಯಿಲ್ಲದ, ಕಿವಿಯಿಲ್ಲದ ನನ್ನ ಹದಿನೇಳು ಗಂಡುಗಳ ಖಾಲಿ ಬೆನ್ನ ಮೇಲೆ ಅವಳೀಗ ಪರೀಕ್ಷೆಯ ಪಾಠ ಬರೆದು ಕಲಿಯುತ್ತಿದ್ದಾಳೆ.

ನೀವೂ ಅಷ್ಟೆ, ಪ್ರಿಂಟ್ ಒತ್ತುವ ಮೊದಲು ಪರದೆಯಲ್ಲಿ ಕಣ್ಣಾಡಿಸಿ. ಬೇಕಾದ ಪುಟ ಮಾತ್ರ ತೆಗೆಯಿರಿ, ಹಾಳೆಯ ಎರಡೂ ಬದಿ ಬಳಸಿ. ಕತ್ತರಿಸಿದ ಕೂದಲಾದರೆ ತಿಂಗಳಲ್ಲಿ ಬೆಳೆಯುತ್ತದೆ. ಮುಗಿದ ಮಸಿ ಬೆಳೆಯುವುದಿಲ್ಲ. ಬೆಳೆಯುವಂತಿದ್ದರೆ ನಾನೇ ಬೆಳೆಸಿಬಿಡುತ್ತಿದ್ದೆ!