ಹದಿನೇಳು ಮೀಟರ್

ಬಟ್ಟೆ ಮಿಕ್ಕಿತೆಂದರೆ ಟೈಲರಮ್ಮನಿಗೆ ಸಮಾಧಾನವಿರುವುದಿಲ್ಲ. ಮಿಕ್ಕಿದೆ ಎಂದರೆ ಎಲ್ಲೋ ಒಂದು ಕಡೆ ಕಡಿಮೆಯಾಗಿದೆ ಎಂದೇ ಅರ್ಥ. ತೋಳೋ, ಮಡಿಕೆಯೋ, ಏನೋ ಒಂದು ಮರೆತುಹೋಗಿರುತ್ತದೆ. ಹಾಗಾಗಿ ಶಾಲೆಯ ಮೈದಾನದಲ್ಲಿ ಕೆಂಪು ಪಟ್ಟಿ ಮಿಕ್ಕಾಗ ಉಳಿದವರೆಲ್ಲ ನಕ್ಕರೂ ಅವಳಿಗೆ ನಗು ಬರಲಿಲ್ಲ.

ಪಟ್ಟಿ ಹೊಲಿಸಿದ್ದು ಡ್ರಿಲ್ ಮೇಷ್ಟ್ರು. ಶಾಲೆಗೆ ಐವತ್ತು ವರ್ಷ ತುಂಬಿತ್ತು. ಫೋಟೋದಲ್ಲಿ ಓಟದ ಹಾದಿ ಎದ್ದು ಕಾಣಲಿ ಎಂದು ಒಳಗಿನ ಸುಣ್ಣದ ಗೆರೆಯುದ್ದಕ್ಕೂ ಬಟ್ಟೆ ಹಾಸುವ ಹುಮ್ಮಸ್ಸು ಅವರಿಗೆ.

"ಒಂದು ಸುತ್ತು ನಾನೂರು ಮೀಟರ್ ತಾಯಿ. ಗೇಣೂ ಹೆಚ್ಚುಕಮ್ಮಿ ಆಗ್ಬಾರ್ದು," ಎಂದಿದ್ದರು.

ಹತ್ತು ಹತ್ತು ಮೀಟರಿನ ನಲವತ್ತು ತುಂಡುಗಳನ್ನು ಅವಳು ಅಳೆದು ಹೊಲಿದು ಕೊಟ್ಟಿದ್ದಳು. ಹಾಸಿ ಮುಗಿದಾಗ ಒಂದು ಇಡೀ ತುಂಡು, ಇನ್ನೊಂದರ ಅರ್ಧಕ್ಕಿಂತ ಹೆಚ್ಚು ಭಾಗ ಕೈಯಲ್ಲೇ ಉಳಿಯಿತು.

"ಗಿರಾಕಿ ಬಟ್ಟೆ ಹೊಡೆಯೋ ಟೈಲರ್‌ನ ನೋಡಿದೀನಿ. ಕೈಯಿಂದ ಸೇರಿಸಿ ಕೊಡೋರ್ನ ಇವತ್ತೇ ನೋಡಿದ್ದು!" ಎಂದು ಮೇಷ್ಟ್ರು ಹೊಟ್ಟೆ ಕುಣಿಸಿಕೊಂಡು ನಕ್ಕರು.

ಅವಳು ಮಿಕ್ಕದ್ದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮನೆಯಲ್ಲಿ ಕತ್ತರಿಸುವ ಮೇಜಿನ ಮೇಲೆ ಹರಡಿ ಎರಡು ಸಲ ಅಳೆದಳು. ಹದಿನೇಳು ಮೀಟರ್. ತನ್ನ ಅಳತೆ ತಪ್ಪಿಲ್ಲ. ಹಾಗಾದರೆ ತಪ್ಪಿದ್ದು ಮೈದಾನ.

ಆಗ ನೆನಪಾಯಿತು. ಆರು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಶಾಲೆಯ ಕಾಂಪೌಂಡನ್ನು ಒಳಕ್ಕೆ ತಂದಿದ್ದರು. ಗೋಡೆ ಬಂದು ಕೊನೆಯ ತಿರುವನ್ನು ನುಂಗಿತ್ತು. ಮೇಷ್ಟ್ರು ತಿರುವನ್ನು ಒಂದಿಷ್ಟು ಒಳಗೆ ಬಳಸಿ ಹೊಸ ಸುಣ್ಣ ಎಳೆದಿದ್ದರು. ಯಾರೂ ಅಳೆಯುವ ಗೋಜಿಗೆ ಹೋಗಿರಲಿಲ್ಲ.

ಅವಳ ಮಗಳು ಓಡುವುದು ಅದೇ ಮೈದಾನದಲ್ಲಿ.

ಮಗಳನ್ನು ಶಾಲೆಯಲ್ಲಿ ಎಲ್ಲರೂ 'ಎಕ್ಸ್‌ಪ್ರೆಸ್' ಎನ್ನುತ್ತಿದ್ದರು. ಎಂಟುನೂರು ಮೀಟರಿನಲ್ಲಿ ಸುತ್ತಲಿನ ಯಾವ ಶಾಲೆಯ ಹುಡುಗಿಯೂ ಅವಳ ಹತ್ತಿರ ಸುಳಿದವಳಲ್ಲ. ಎರಡು ನಿಮಿಷ ಹನ್ನೆರಡು ಸೆಕೆಂಡು ಎಂದು ಹೆಡ್‌ಮಾಸ್ಟರ ಕೋಣೆಯ ಹೊರಗಿನ ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದಿತ್ತು. ಎಲ್ಲ ಶಾಲೆಗಳ ಪಂದ್ಯಗಳೂ ನಡೆಯುವುದು ಇಲ್ಲಿಯೇ. ಇದಕ್ಕಿಂತ ದೊಡ್ಡ ಮೈದಾನ ಆ ಕಡೆ ಯಾವುದೂ ಇರಲಿಲ್ಲ. ದಿನಾ ಬೆಳಗಿನ ಅಭ್ಯಾಸದಲ್ಲಿ ಸ್ಟಾಪ್‌ವಾಚ್ ಹಿಡಿದು ಗೆರೆಯ ಪಕ್ಕ ನಿಲ್ಲುವುದು ತಾಯಿಯ ಕೆಲಸ. ಮಗಳ ಓಟದ ಗುಟ್ಟು ಅವಳೊಬ್ಬಳಿಗೇ ಗೊತ್ತು. ಎರಡನೆಯ ಸುತ್ತಿನ ಕೊನೆಯ ತಿರುವಿಗೆ ಕಾಲಿಟ್ಟ ಕೂಡಲೇ ಮಗಳು ಮನಸ್ಸಿನಲ್ಲೇ ಹೆಜ್ಜೆ ಎಣಿಸಲು ಶುರುಮಾಡುತ್ತಾಳೆ. ತೊಂಬತ್ತಕ್ಕೆ ಗೆರೆ. ಆ ತೊಂಬತ್ತು ಹೆಜ್ಜೆಗೆ ಇದ್ದಬದ್ದ ಉಸಿರನ್ನೆಲ್ಲ ಸುರಿದುಬಿಡುತ್ತಾಳೆ.

ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಇನ್ನು ಮೂರು ವಾರ. ಊಟ, ಓದು, ತರಬೇತಿ ಎಲ್ಲ ಅವರದ್ದೇ. ತೆಗೆದುಕೊಳ್ಳುವುದು ವರ್ಷಕ್ಕೆ ಇಬ್ಬರನ್ನು ಮಾತ್ರ. ಹದಿನಾರು ತುಂಬಿದವರಿಗೆ ಬಾಗಿಲು ಮುಚ್ಚಿದಂತೆಯೇ; ಮಗಳಿಗೆ ತುಂಬಲು ನಾಲ್ಕು ತಿಂಗಳಿತ್ತು.

ಹೇಳಬೇಕೆಂದು ಮರುದಿನ ಬೆಳಿಗ್ಗೆ ತಾಯಿ ಬಾಯಿ ತೆರೆದಳು. ಮಗಳು ಬಾಗಿಲಲ್ಲಿ ಕೂತು ಲೇಸು ಬಿಗಿಯುತ್ತಿದ್ದಳು.

"ಅಮ್ಮ, ನಿನ್ನೆ ಕನಸಲ್ಲಿ ಎರಡು ಹತ್ತು ಓಡಿದೆ."

"ಕನಸಲ್ಲಿ ವಾಚ್ ಹಿಡಿದಿದ್ದು ಯಾರು?"

"ನೀನೇ. ಅಲ್ಲೂ ಗುಂಡಿ ಒತ್ತೋದು ಲೇಟ್ ಮಾಡ್ದೆ."

ಇಬ್ಬರೂ ನಕ್ಕರು. ಮಾತು ನಾಲಿಗೆಯ ತುದಿಯಿಂದ ಹಿಂದಕ್ಕೆ ಹೋಯಿತು. ಈಗ ಹೇಳಿದರೆ ಹುಡುಗಿ ಕುಗ್ಗಿಹೋಗುತ್ತಾಳೆ, ಹಲಗೆಯ ಮೇಲಿನ ಅಂಕಿ ಸುಳ್ಳೆಂದು ಗೊತ್ತಾದರೆ ಕಾಲೇ ಏಳುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಓಡುವವರು ಎಲ್ಲಿಯಾದರೂ ಓಡುತ್ತಾರೆ, ಹದಿನೇಳು ಮೀಟರ್ ಏನು ಮಹಾ ಎಂದೂ ಹೇಳಿಕೊಂಡಳು. ಮಿಕ್ಕ ಪಟ್ಟಿಯನ್ನು ಗುಂಡಿ ಡಬ್ಬಿಗಳ ಹಿಂದೆ ತಳ್ಳಿದಳು. ಆಮೇಲಿನ ಪ್ರತಿ ಬೆಳಿಗ್ಗೆ ಸ್ಟಾಪ್‌ವಾಚಿನ ಅಂಕಿಯನ್ನು ಓದಿ ಹೇಳುವಾಗ ಅವಳು ಮಗಳ ಮುಖ ನೋಡುತ್ತಿರಲಿಲ್ಲ.

ಆಯ್ಕೆಯ ದಿನದ ಸ್ಟೇಡಿಯಮ್ಮಿನಲ್ಲಿ ಸುಣ್ಣವೇ ಇರಲಿಲ್ಲ. ರಬ್ಬರಿನ ಹಾದಿ, ಅಚ್ಚು ಹಾಕಿದಂಥ ಗೆರೆಗಳು. ಮಗಳು ಮೊದಲ ಸುತ್ತು ಮುಂದಿದ್ದಳು. ಎರಡನೆಯ ಸುತ್ತಿನಲ್ಲೂ ಮುಂದಿದ್ದಳು. ಕೊನೆಯ ತಿರುವಿಗೆ ಕಾಲಿಟ್ಟವಳೇ ಎಂದಿನಂತೆ ಕಿತ್ತುಕೊಂಡು ಹೊರಟಳು. ಮೇಷ್ಟ್ರು, "ಹೊಡಿ ಎಕ್ಸ್‌ಪ್ರೆಸ್!" ಎಂದು ಕುಣಿದರು. ತಾಯಿ ಕಟಕಟೆ ಹಿಡಿದು ಹೆಜ್ಜೆ ಎಣಿಸುತ್ತಿದ್ದಳು. ಎಂಬತ್ತು. ಎಂಬತ್ತೈದು. ತೊಂಬತ್ತು.

ತೊಂಬತ್ತಕ್ಕೆ ಮಗಳ ಕಾಲು ಮುಗಿದಿತ್ತು. ಹಾದಿ ಮುಗಿದಿರಲಿಲ್ಲ. ನೀರಿನಲ್ಲಿ ನಡೆಯುವವಳಂತೆ ಅವಳು ಕೈ ಬಡಿದಳು. ಒಬ್ಬಳು ಹಾದುಹೋದಳು, ಇನ್ನೊಬ್ಬಳು, ಗೆರೆಯ ಹತ್ತಿರ ಮತ್ತೊಬ್ಬಳು. ಮಗಳು ನಾಲ್ಕನೆಯವಳು.

ಬಸ್ಸಿನಲ್ಲಿ ಮೇಷ್ಟ್ರು ಗಾಳಿಯನ್ನು ಬೈದರು, ಬೂಟನ್ನು ಬೈದರು. ಮಗಳು ಕಿಟಕಿಗೆ ಹಣೆ ಆನಿಸಿಕೊಂಡು ಒಂದೇ ಮಾತು ಹೇಳಿದಳು: "ನನ್ನಲ್ಲಿ ದಮ್ಮಿಲ್ಲ, ಅಷ್ಟೇ."

ಮನೆಗೆ ಬಂದ ಮೇಲೂ ಅದನ್ನೇ ಹೇಳುತ್ತಿದ್ದಳು. ಎಂಟು ದಿನ ಮೈದಾನದ ಕಡೆ ತಲೆ ಹಾಕಲಿಲ್ಲ. ತಟ್ಟೆಯ ಮುಂದೆ ಕೂತು, ತನ್ನ ತೊಡೆಯನ್ನು ಯಾರದೋ ವಸ್ತುವೆಂಬಂತೆ ಹಿಸುಕಿ ನೋಡುತ್ತಿದ್ದಳು. ಒಂಬತ್ತನೆಯ ದಿನ ತಾಯಿಗೆ ತಡೆಯಲಾಗಲಿಲ್ಲ. ಡಬ್ಬಿಗಳ ಹಿಂದಿನಿಂದ ಕೆಂಪು ಪಟ್ಟಿ ತೆಗೆದು ಮಗಳ ಮುಂದಿಟ್ಟಳು.

"ಏನಿದು?"

"ಹದಿನೇಳು ಮೀಟರ್. ಮೈದಾನಕ್ಕೆ ಹಾಸಿ ಮಿಕ್ಕಿದ್ದು. ಸುತ್ತು ನಾನೂರು ಇಲ್ಲ ಕಣೇ. ಗೋಡೆ ತಿಂದಿದೆ. ನಿನ್ನ ದಮ್ಮಿಂದೇನೂ ತಪ್ಪಿಲ್ಲ."

ಮಗಳು ಪಟ್ಟಿಯನ್ನು ಮುಟ್ಟಲಿಲ್ಲ. ಲೆಕ್ಕ ಅವಳ ಕಣ್ಣಿನಲ್ಲೇ ಓಡಿತು: ಹಲಗೆ, ಪದಕಗಳು, ತೊಂಬತ್ತು.

"ನಿನಗೆ ಯಾವಾಗ ಗೊತ್ತಾಯ್ತು?"

ತಾಯಿ ಹೊಲಿಗೆ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟಳು. "ಫೋಟೋ ತೆಗೆದ ದಿನ."

"ಅಂದ್ರೆ ಮೂರು ವಾರ ಮುಂಚೆ."

"ನೀನು ಎದೆಗುಂದ್ತೀಯ ಅಂತ..."

"ಹೇಳಿದ್ದಿದ್ರೆ ನೂರು ಎಣಿಸ್ತಿದ್ದೆ ಅಮ್ಮ," ಎಂದಳು ಮಗಳು. ದನಿ ಏರಲಿಲ್ಲ. "ತೊಂಬತ್ತರ ಬದಲು ನೂರು. ಮೂರು ವಾರದಲ್ಲಿ ಅಷ್ಟು ಕಲೀತಿರ್ಲಿಲ್ವಾ ನಾನು?"

ತಾನು ಕಾಪಾಡಿದ್ದು ಮಗಳ ಧೈರ್ಯವನ್ನೋ ತನ್ನದನ್ನೋ ಎಂಬುದು ಆಗ ತಾಯಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಮಗಳ ಹಾಸಿಗೆ ಖಾಲಿ. ಬೂಟು ಬಾಗಿಲಲ್ಲೇ ಇತ್ತು. ಮೆಷಿನ್ನಿನ ಮೇಲೆ ನೇತುಹಾಕಿದ್ದ ಅಳತೆಯ ಟೇಪು ಇರಲಿಲ್ಲ. ತಾಯಿಗೆ ಎಲ್ಲ ತಿಳಿಯಿತು. ಆದರೆ ಹಿಂದೆ ಹೋಗುವ ಹಕ್ಕು ತನಗಿದೆ ಎನಿಸಲಿಲ್ಲ. ಒಂದೂವರೆ ಮೀಟರಿನ ಟೇಪು; ಮೊಣಕಾಲೂರಿಕೊಂಡು ಇನ್ನೂರೈವತ್ತು ಸಲ ಎತ್ತಿ ಇಡಬೇಕು. ಅವಳು ರವಿಕೆಯೊಂದರ ಕೊಕ್ಕೆಗಳನ್ನು ಹಚ್ಚುತ್ತಾ, ಬಿಚ್ಚುತ್ತಾ ಕೂತಳು.

ಹತ್ತು ಗಂಟೆ ದಾಟಿದ ಮೇಲೆ ಮಗಳು ಬಂದಳು. ಎರಡೂ ಮೊಣಕಾಲಿಗೆ ಸುಣ್ಣ, ಮಣ್ಣು. ಟೇಪನ್ನು ನೀಟಾಗಿ ಸುತ್ತಿ ಮೆಷಿನ್ನಿನ ಮೇಲಿಟ್ಟಳು.

"ಹದಿನೇಳೂವರೆ," ಎಂದಳು.

ಆಮೇಲೆ ಸ್ಟೂಲು ಎಳೆದುಕೊಂಡು ಹತ್ತಿ, ಬೂಟುಗಳನ್ನು ಅಟ್ಟದ ಮೇಲಕ್ಕೆ, ಕೈಗೆ ಸಿಗದಷ್ಟು ಒಳಕ್ಕೆ ತಳ್ಳಿದಳು.