ಕಾರ್ಬ್ಯುರೇಟರಿನ ಮೇಲಿನ ಹಳದಿ ಬೊಟ್ಟು

ಹೇಸರಗತ್ತೆಗಳು ಓಡಾಡುತ್ತಿದ್ದ ಹಳೆಯ ಕಲ್ಲುಹಾದಿಯಲ್ಲಿ, ಮೂರನೆಯ ತಿರುವಿನಾಚೆಯ ಬಂಡೆ ಮೆಟ್ಟಿಲಿನ ಹತ್ತಿರ, ಡೊಮಿಟಿಲ್ಲಾಳ ಬೈಕು ಸೋತುಹೋಯಿತು. ಆಕೆ ಆಕ್ಸಿಲರೇಟರಿನ ಹಿಡಿಯನ್ನು ತಿರುಗಿಸಿದಳು. ತಿರುಗುವಷ್ಟೂ ತಿರುಗಿ ಅದು ನಿಂತಿತು. ಎಂಜಿನ್ನು ಮಾತ್ರ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಗೊರಗೊರ ಅಂದು, ಹಿಂದಿನ ಚಕ್ರ ಒದ್ದೆ ಕಲ್ಲಿನ ಮೇಲೆ ಜಾರಿ, ಎರಡೂ ಕಾಲು ನೆಲಕ್ಕೂರದೆ ಬೇರೆ ದಾರಿ ಉಳಿಯಲಿಲ್ಲ.

ಕೆಳಗೆ ಗುಡಿಯ ಗೋಡೆಯ ಮೇಲೆ ಕೂತಿದ್ದ ಗಂಡಸರು ಚಪ್ಪಾಳೆ ತಟ್ಟಿದರು.

"ಈ ವಯಸ್ಸಿಗೆ ಅಷ್ಟು ದೂರ ಹತ್ತಿದ್ಯಲ್ಲ ಟಿಲ್ಲಾ, ಅದೇ ದೊಡ್ಡದು!" ಎಂದು ಒಬ್ಬ ಕೂಗಿದ.

ನಕ್ಕಿದ್ದರೆ ಆಕೆಗೆ ಅಷ್ಟು ಉರಿಯುತ್ತಿರಲಿಲ್ಲ. ಆ ಚಪ್ಪಾಳೆ ಮೈಯೆಲ್ಲ ಉರಿಸಿತು.

ಕಣಿವೆಯ ಎಲ್ಲ ಊರುಗಳೂ ಬೇಸಿಗೆಯ ಬೈಕ್ ಓಟಕ್ಕೆ ಮೂವರ ತಂಡ ಕಳಿಸುತ್ತವೆ. ಈ ಊರಿನ ತಂಡದಲ್ಲಿ ಈ ಸಲ ಒಂದು ಜಾಗ ಖಾಲಿ ಇತ್ತು. ಅದು ಬೇಕೆನ್ನುವವರು ಎಲ್ಲರ ಕಣ್ಣೆದುರು, ಕಾಲು ನೆಲಕ್ಕೂರದೆ, ಗುಡಿಯಿಂದ ಮೇಲಿನ ಹುಲ್ಲುಗಾವಲಿನ ತನಕ ಈ ಹಾದಿ ಹತ್ತಬೇಕು. ಬೇರೆ ಪರೀಕ್ಷೆ ಇಲ್ಲ. ಹುಡುಗಿಯಾಗಿದ್ದಾಗ ಟಿಲ್ಲಾ ಇದನ್ನು ಸೀಟಿ ಹಾಕುತ್ತ ಹತ್ತಿದ್ದವಳು. ಆಮೇಲೊಂದು ವರ್ಷ ಬೈಕಿನ ಸಮೇತ ಹೊಳೆಯ ಕಮರಿಗೆ ಬಿದ್ದು ಮಂಡಿ ಒಡೆದುಕೊಂಡಳು. ನೀರಿನಿಂದ ಎಳೆದು ತಂದವನು ಅಣ್ಣ ಬೊರ್ತೊಲೊ. ಮಂಡಿ ಕೂಡುವಷ್ಟರಲ್ಲಿ ಮದುವೆ, ಮಕ್ಕಳು, ಹಸು, ಚೀಸ್ ಕಟ್ಟುವ ಕೆಲಸ ಎಂದು ವರ್ಷಗಳು ಉರುಳಿದವು. ಕಳೆದ ಚಳಿಗಾಲದ ಕೊನೆಗೆ ಅಟ್ಟದ ಹುಲ್ಲು ತಳ ಕಂಡಾಗ ಅಡಿಯಿಂದ ಬೈಕಿನ ಹಿಡಿಯೊಂದು ಹೊರಗೆ ಚಾಚಿಕೊಂಡಿತ್ತು. ಆಕೆ ಹುಲ್ಲುಗೋರು ಪಕ್ಕಕ್ಕಿಟ್ಟು ಅದನ್ನು ಹಿಡಿದು ನಿಂತವಳು, ಹಸುಗಳು ಕೂಗುವ ತನಕ ಬಿಟ್ಟಿರಲಿಲ್ಲ.

ಊರಿನ ಬೈಕ್ ಸಂಘದ ಹಿರಿಯ ಸೆವೆರಿನೊ ಕೋಲೂರಿಕೊಂಡು ಹತ್ತಿರ ಬಂದ. "ಮುಂದಿನ ಭಾನುವಾರ ಇನ್ನೊಂದು ಸಲ ನೋಡ್ಬಹುದಮ್ಮ. ಅದೇ ಕೊನೆ. ಆಮೇಲೆ ಆ ಜಾಗ ಕೆಳಗಿನ ಕೇರಿಯೋರಿಗೆ ಕೊಟ್ಬಿಡ್ತೀವಿ."

"ಕೊಡ್ಬೇಡಿ. ಹತ್ತೇ ಹತ್ತುತೀನಿ."

"ಗಾಡಿ ಹಳೇದು, ಟಿಲ್ಲಾ."

"ಹಳೇದು ಅಂತ ನೇರ ನನ್ನನ್ನೇ ಅಂದ್ಬಿಡಿ ಸೆವೆರಿನೊ, ಗಾಡಿ ಹೆಸರು ಯಾಕೆ ಹೇಳ್ತೀರಿ?"

ಮರುದಿನ ಹಾಲು ಕರೆದಾದ ಮೇಲೆ ಆಕೆ ಬೈಕನ್ನು ಕೊಟ್ಟಿಗೆಯ ಮುಂದೆ ಮರದ ದಿಮ್ಮಿಯ ಮೇಲೆ ಏರಿಸಿದಳು. ಸೈಲೆನ್ಸರನ್ನು ಬಿಚ್ಚಿ, ಹಾಲೊಡಕು ಕಾಯಿಸುವ ಒಲೆಯ ಕೆಂಡದಲ್ಲಿ ಹೂತು, ಒಳಗೆ ಹೆಪ್ಪುಗಟ್ಟಿದ್ದ ಮಸಿಯೆಲ್ಲ ಸುಟ್ಟು ಉದುರುವಂತೆ ಮಾಡಿದಳು. ಹಿಂದಿನ ಚಕ್ರಕ್ಕೆ ಹೆಚ್ಚು ಹಲ್ಲಿನ ಚೈನ್‌ಚಕ್ರ ಹಾಕಿದಳು. ವೇಗ ಸ್ವಲ್ಪ ಹೋದರೂ ಏರಿಗೆ ಎಳೆತ ಬರಲಿ ಎಂದು. ಪಿಸ್ಟನ್ನಿಗೆ ಹೊಸ ರಿಂಗು ಕೂರಿಸಿದಳು. ಮುಂದಿನ ಚಕ್ರದ ಫೋರ್ಕಿನ ಹಳೆಯ ಎಣ್ಣೆ ಚೆಲ್ಲಿ ದಪ್ಪನೆಯ ಎಣ್ಣೆ ತುಂಬಿದಳು. ಟೈರಿನ ಗಾಳಿ ಇಳಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿ, ಇನ್ನಷ್ಟು ಇಳಿಸಿದಳು. ಒಂದೊಂದು ಕೆಲಸ ಮುಗಿದಾಗಲೂ ಹಿತ್ತಲಿನ ಏರಿಗೆ ಹೋಗಿ ಹತ್ತಿ ನೋಡುವಳು. ಬುಡದಲ್ಲಿ ಬೈಕು ಕರುವಿನ ಹಾಗೆ ನೆಗೆಯುತ್ತಿತ್ತು. ನಿಜವಾಗಿ ಬಲ ಬೇಕಾದ ಕಡೆ ಮಾತ್ರ ಮತ್ತೆ ಅದೇ ಗೊರಗೊರ.

ಮುಟ್ಟದೆ ಉಳಿದದ್ದು ಕಾರ್ಬ್ಯುರೇಟರು ಒಂದೇ. ಬೈಕನ್ನು ಅಟ್ಟದಿಂದ ಇಳಿಸಿದ ಮೇಲೆ ಅದನ್ನು ಸಜ್ಜು ಮಾಡಿಕೊಟ್ಟವನು ಮೆಕ್ಯಾನಿಕ್ಕಾದ ಅಣ್ಣ. ಮುಚ್ಚಳದ ಅಂಚಿಗೆ ಹಳದಿ ಬಣ್ಣದ ಬೊಟ್ಟಿಟ್ಟಿದ್ದ. ಈ ಕಣಿವೆಯಲ್ಲಿ ಒಬ್ಬ ಮೆಕ್ಯಾನಿಕ್ಕು ಬೊಟ್ಟಿಟ್ಟು ಮುಚ್ಚಿದ್ದನ್ನು ಇನ್ನೊಬ್ಬರು ಬಿಚ್ಚುವುದಿಲ್ಲ. ಬಿಚ್ಚಿದರೆ ಅವನ ಕೈಗೆ ಉಗುಳಿದ ಹಾಗೆ. ಅಪ್ಪನೂ ಹಾಗೇ ನಡೆದುಕೊಂಡಿದ್ದ, ಅವನ ಅಪ್ಪನೂ. ಆಕೆ ಅದರ ಸುತ್ತ ಒರೆಸಿದಳು, ಬೊಟ್ಟನ್ನು ಮುಟ್ಟಲಿಲ್ಲ.

"ಅಣ್ಣ, ಹಿಡಿ ಇಷ್ಟು ಬೇಗ ತಿರುಗಿ ನಿಲ್ಲುತ್ತಲ್ಲ, ಮೊದಲು ಹಿಂಗಿರ್ಲಿಲ್ಲ," ಎಂದು ಫೋನಿನಲ್ಲಿ ಕೇಳಿದಳು.

"ಈಗಿನ ಕಾಲದ ಹಿಡಿ ಕಣೇ ಅದು. ಸ್ವಲ್ಪ ತಿರುಗಿಸಿದ್ರೆ ಪೂರ್ತಿ ತೆರ್ಕೊಳ್ಳತ್ತೆ. ಮಣಿಕಟ್ಟಿಗೆ ಆರಾಮ."

"ಮತ್ತೆ ಮೇಲೆ ಎಳೆಯೋದೇ ಇಲ್ವಲ್ಲೋ?"

"ನಿನ್ನ ಕೈಗೆ ಅಭ್ಯಾಸ ತಪ್ಪಿದೆ, ಅಷ್ಟೇ. ಬಿಟ್ಟು ಎಷ್ಟು ವರ್ಷ ಆಯ್ತು? ಸುಮ್ನೆ ಹೊಲದ ದಾರೀಲಿ ಓಡಿಸ್ಕೊಂಡಿರು, ಮಾರಾಯ್ತಿ."

ಆಕೆ ನಂಬಿದಳು. ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಚೀಸು ಹಿಂಡಿ ಹಿಂಡಿ ಗಂಟುಕಟ್ಟಿದ ಕೈ. ಇದರಲ್ಲೇ ಏನೋ ಕಳೆದುಹೋಗಿದೆ ಎಂದುಕೊಂಡಳು. ಒಂದು ಮಧ್ಯಾಹ್ನ ಬೈಕನ್ನು ವಾಪಸು ಅಟ್ಟಕ್ಕೆ ತಳ್ಳುವ ಮನಸ್ಸೂ ಆಯಿತು.

ಶನಿವಾರ ಆಕೆ ಹಿತ್ತಲಿನ ಏರಿನಲ್ಲಿ ನಿಂತು ಗಾಳಿ ಸೋಸುವ ಡಬ್ಬಿ ಬಿಚ್ಚಿದಳು. ಅದು ಯಾರ ಬೊಟ್ಟೂ ಇಲ್ಲದ ಭಾಗ. ಹಿಡಿಯನ್ನು ತಿರುಗಿಸುತ್ತ ಕಾರ್ಬ್ಯುರೇಟರಿನ ಹಿಂಬದಿಯ ಬಾಯಿಯೊಳಗೆ ಟಾರ್ಚು ಬಿಟ್ಟಳು. ಒಳಗಿನ ಬಾಗಿಲು ಮೇಲೇರಿತು, ಅರ್ಧಕ್ಕೆ ಬಂತು, ಅಲ್ಲೇ ನಿಂತಿತು. ಮತ್ತೆ ತಿರುಗಿಸಿದಳು. ಅರ್ಧ. ಗಾಳಿ ಹೋಗಬೇಕಾದ ಬಾಯಿಯ ಅರ್ಧ ಭಾಗ ಮುಚ್ಚಿಯೇ ಇತ್ತು.

ಚಾಕುವಿನ ತುದಿಯಿಂದ ಹಳದಿ ಬೊಟ್ಟನ್ನು ಕೆರೆದು ಮುಚ್ಚಳ ತೆಗೆದಳು. ಸ್ಪ್ರಿಂಗಿನ ಒಳಗೆ ಹಿತ್ತಾಳೆಯ ಚಿಕ್ಕ ಕೊಳವೆ ಕೂತಿತ್ತು.

ಅದೇನೆಂದು ಈ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಕ್ಕಳಿಗೆ ಮೊದಲ ಬೈಕು ಕೊಡುವಾಗ ಅಪ್ಪಂದಿರು ಹಾಕುವ ಅಡ್ಡ ಅದು. ಅದಿರುವ ತನಕ ಬೈಕು ಅರ್ಧಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಮಗುವಿಗೆ ಬುದ್ಧಿ ಬಂತು ಅನ್ನಿಸಿದ ದಿನ ಅಪ್ಪನೇ ತೆಗೆಯುತ್ತಾನೆ, ಅವತ್ತು ಮನೆಯಲ್ಲಿ ಒಂದು ವೈನಿನ ಸೀಸೆ ತೆರೆಯುತ್ತಾರೆ. ಕೊಳವೆಯ ಅಂಚಿನ ಅರದ ಗೀರುಗಳು ಆಕೆಗೆ ಗುರುತು ಸಿಕ್ಕವು. ಇದು ಅವರ ಅಪ್ಪ ಉಜ್ಜಿ ಮಾಡಿದ್ದೇ. ಅಣ್ಣ ತಂಗಿ ಇಬ್ಬರ ಬೈಕಿಗೂ ಅವನು ಇಂಥದ್ದೊಂದೊಂದು ಹಾಕಿದ್ದ.

ಆಕೆ ಅಡುಗೆಮನೆಗೆ ನಡೆದಳು. ಗಂಡ ಫೆರ್ಮೊ ಒಲೆಯ ಮುಂದೆ ನಿಂತು ಮೆಕ್ಕೆಜೋಳದ ಗಂಜಿ ಪೊಲೆಂಟಾ ತಿರುವುತ್ತಿದ್ದ. ಆಕೆ ಕೊಳವೆಯಿದ್ದ ಅಂಗೈ ಚಾಚಿದಳು. ಅವನು ನೋಡಿದ. ಮತ್ತೆ ಪಾತ್ರೆಯ ಕಡೆ ತಿರುಗಿದ.

"ನಿಂಗೆ ಗೊತ್ತಿತ್ತು."

"ತಿರುವೋದು ನಿಲ್ಸಿದ್ರೆ ತಳ ಹಿಡಿಯತ್ತೆ," ಎಂದ ಅವನು.

"ಹಿಡೀಲಿ! ನಾನು ಇಷ್ಟು ದಿನ ನನ್ನ ಕೈಯನ್ನ ಬೈಕೊಂಡು ಕೂತಿದ್ರೆ, ನೀನು ನೋಡ್ಕೊಂಡು ಗಂಜಿ ತಿರುವ್ತಾ ಇದ್ಯಾ?"

"ಬೊರ್ತೊಲೊ ಹೇಳ್ದ, ಹೇಳ್ಬೇಡ ಅಂತ. ನಿನ್ನ ಒಳ್ಳೇದಕ್ಕೇ…"

ಮಿಕ್ಕದ್ದನ್ನು ಕೇಳಲು ಆಕೆ ಅಲ್ಲಿರಲಿಲ್ಲ.

ಬೊರ್ತೊಲೊನ ವರ್ಕ್‌ಶಾಪಿನಲ್ಲಿ ಸೆವೆರಿನೊನೂ ಇನ್ನಿಬ್ಬರೂ ಕಾಫಿ ಕುಡಿಯುತ್ತಿದ್ದರು. ಟಿಲ್ಲಾ ಕೊಳವೆಯನ್ನು ಮೇಜಿನ ಮೇಲೆ, ಅಣ್ಣನ ಲೋಟದ ಪಕ್ಕ ಇಟ್ಟಳು. ಎಲ್ಲರೂ ಅದನ್ನು ನೋಡಿದರು. ಇದೇನು ಎಂದು ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಆಕೆಗೆ ಉತ್ತರವಾಯಿತು.

"ಎಲ್ರೂ ಸೇರ್ಕೊಂಡು," ಎಂದಳು. "ಚಪ್ಪಾಳೆ ಬೇರೆ ತಟ್ಟಿದ್ರಿ."

"ನನ್ನ ಬೊಟ್ಟು ಕೆರೆದ್ಯಾ ನೀನು?" ಬೊರ್ತೊಲೊ ಎದ್ದು ನಿಂತ.

"ಅದಕ್ಕೂ ಸಿಟ್ಟು ಬರತ್ತಾ ನಿಂಗೆ? ಆ ಬೊಟ್ಟಿಗೆ ನಾನು ಕೊಟ್ಟ ಮರ್ಯಾದೆಯ ಹಿಂದೇನೇ ಬಚ್ಚಿಟ್ಯಲ್ಲೋ! ಎಂಜಿನ್ನೆಲ್ಲ ಬಿಚ್ಚಿ ಹಾಕ್ದೆ, ಅದೊಂದನ್ನ ಮುಟ್ಲಿಲ್ಲ. ನಾನು ಮುಟ್ಟಲ್ಲ ಅಂತ ಗೊತ್ತಿದ್ದೇ ಇಟ್ಟೆ."

"ಹೊಳೆಯಿಂದ ನಿನ್ನ ಎಳೆದೋನು ನಾನು! ಆ ಕಾಲು ಹೆಂಗೆ ತಿರುಗಿತ್ತು ಅಂತ ನಿಂಗೇನು ಗೊತ್ತು, ನಿಂಗೆ ಪ್ರಜ್ಞೆ ಇರ್ಲಿಲ್ಲ. ನೋಡ್ದೋನು ನಾನು. ಇವತ್ತಿಗೂ ಕಣ್ಮುಂದೆ ಬರತ್ತೆ."

"ಹಂಗಿದ್ರೆ ಬಂದು ಹೇಳ್ಬೇಕಿತ್ತು, 'ಟಿಲ್ಲಾ, ನಂಗೆ ಹೆದ್ರಿಕೆ ಆಗತ್ತೆ' ಅಂತ. ಜಗಳ ಆಡ್ತಿದ್ವಿ, ಮುಗೀತಿತ್ತು. ನಿನ್ನ ಹೆದ್ರಿಕೇನ ನನ್ನ ಗಾಡಿಯೊಳಗೆ ತುರುಕಿ, ಆಮೇಲೆ ಕೈ ಅಭ್ಯಾಸ ತಪ್ಪಿದೆ ಅಂತ ನಂಗೇ ಹೇಳ್ದೆ. ನಾನು ಅದನ್ನ ನಂಬ್ದೆ, ಬೊರ್ತೊಲೊ. ನಂಬ್ದೆ!"

ಆಕೆ ಮೇಜು ಗುದ್ದಿದಳು. ಲೋಟಗಳು ಕುಣಿದವು.

"ಅಪ್ಪ ಇದನ್ನ ನನ್ನ ಗಾಡಿಯಿಂದ ಮೊದಲು ತೆಗ್ದ. ನೀನು ದೊಡ್ಡೋನು, ಆದ್ರೂ ನಂದೇ ಮೊದಲು. ಮರ್ತುಹೋಯ್ತಾ? ನಾಳೆ ನೀನು ಬಾ. ಇದನ್ನ ಹಾಕೇ ಇಡ್ತೀನಿ. ನನ್ನ ಗಾಡೀಲಿ ನೀನೇ ಮೊದಲು ಹತ್ತು. ಎಲ್ರೂ ನೋಡ್ಲಿ, ಕೈ ಯಾರದ್ದು ತಪ್ಪಿದೆ ಅಂತ."

ಸೆವೆರಿನೊ ಗಂಟಲು ಸರಿಮಾಡಿಕೊಂಡ. "ಅದು ಪದ್ಧತಿ ಅಲ್ಲಮ್ಮ…"

"ಇದು ಪದ್ಧತಿನಾ?" ಎಂದು ಆಕೆ ಕೊಳವೆಯನ್ನು ಅವನ ಮೂಗಿನ ಮುಂದೆ ಹಿಡಿದಳು.

ಭಾನುವಾರ ಪೂಜೆ ಮುಗಿಸಿದವರೆಲ್ಲ ಗುಡಿಯ ಗೋಡೆಯ ಮೇಲೆ ಸಾಲಾಗಿ ಕೂತರು. ಬೊರ್ತೊಲೊ ತಂಗಿಯ ಬೈಕು ಹತ್ತಿದ. ಊರಿನ ತಂಡದಲ್ಲಿ ಮೊದಲಿಗ ಅವನೇ. ಅವನು ಓಡಿಸುವುದನ್ನು ನೋಡುವುದೇ ಒಂದು ಚಂದ. ಎರಡು ತಿರುವನ್ನು ಹಗುರಾಗಿ ದಾಟಿದ. ಮೂರನೆಯದನ್ನೂ ದಾಟಿದ. ಬಂಡೆ ಮೆಟ್ಟಿಲಿನ ಹತ್ತಿರ ಎಂಜಿನ್ನು ಗೊರಗೊರ ಅಂದಿತು, ಚಕ್ರ ಜಾರಿತು, ಅವನ ಎರಡೂ ಕಾಲು ನೆಲಕ್ಕೂರಿದವು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಟಿಲ್ಲಾ ನಡೆದು ಹತ್ತಿ ಅಲ್ಲೇ ಮುಚ್ಚಳ ಬಿಚ್ಚಿ ಕೊಳವೆಯನ್ನು ತೆಗೆದಳು. ಕಣಿವೆಯ ಕಡೆ ಎಸೆಯಲು ಕೈಯೆತ್ತಿದವಳು, ಅಪ್ಪನ ಗೀರು ಕಂಡು ಅಣ್ಣನ ಅಂಗಿಯ ಜೇಬಿಗೆ ಹಾಕಿದಳು.

"ಟಿಲ್ಲಾ," ಎಂದ ಅವನು, ಮೆಲ್ಲಗೆ. "ಮೇಲಿನ ಕಲ್ಲು ಸಡಿಲ ಇದೆ. ಎಡಕ್ಕೆ ಹಿಡ್ಕೋ."

"ಈ ಮಾತನ್ನ ಮೊದಲೇ ಆಡಿದ್ದಿದ್ರೆ ಕೇಳ್ತಿದ್ದೆ."

ಗುಡಿಗೆ ಇಳಿಸಿಕೊಂಡು ಬಂದು ಆಕೆ ಹೊರಟಳು. ಮೂರನೆಯ ತಿರುವಿನಾಚೆ ಹಿಡಿ ತಿರುಗಿತು, ನಿಲ್ಲದೆ ಇನ್ನೂ ತಿರುಗಿತು. ಎಂಜಿನ್ನು ಗಂಟಲು ಬಿಚ್ಚಿ ಕಿರುಚಿತು. ಮುಂದಿನ ಚಕ್ರ ಬಂಡೆಯ ಮೇಲೆ ಹಾರಿ ಬಿತ್ತು, ಹಿಂದಿನದು ಕಲ್ಲುಗಳನ್ನು ಒದ್ದು ಎಸೆಯಿತು. ಸಡಿಲ ಕಲ್ಲಿನ ಹತ್ತಿರ ಆಕೆ ಬಲಕ್ಕೇ ಹೋದಳು. ಮಂಡಿ ಗೋಡೆಗೆ ಉಜ್ಜಿ ಪ್ಯಾಂಟು ಹರಿಯಿತು, ಬೈಕು ಓಲಿತು, ಆಕೆ ಫುಟ್‌ರೆಸ್ಟಿನ ಮೇಲೆ ನಿಂತೇ ಅದನ್ನು ಸೊಂಟದಿಂದ ಸರಿಮಾಡಿಕೊಂಡಳು. ಕಾಲು ಇಳಿಯಲಿಲ್ಲ. ಹುಲ್ಲುಗಾವಲಿನ ಅಂಚಿನಲ್ಲಿ ಬೈಕು ಸಣ್ಣಗೆ ನೆಗೆದು ಮೆತ್ತಗಿನ ಹುಲ್ಲಿಗೆ ಇಳಿಯಿತು.

ಜನ ಏದುಸಿರು ಬಿಡುತ್ತ ಹತ್ತಿ ಬರುವ ಹೊತ್ತಿಗೆ ಆಕೆ ಗ್ಲೌಸು ಕಳಚಿ ರಕ್ತ ಒಸರುತ್ತಿದ್ದ ಮಂಡಿಗೆ ಎಲೆ ಒತ್ತಿಕೊಂಡು ಕೂತಿದ್ದಳು.

"ಜಾಗ ನಿಂದು," ಎಂದ ಸೆವೆರಿನೊ. "ಆದ್ರೆ ತಂಡದ ಅಂಗಿ ಮೂರೂ ಗಂಡಸ್ರ ಅಳತೇಲಿ ಹೊಲಿಸಿಬಿಟ್ಟಿದೀವಲ್ಲಮ್ಮ. ಅಡ್ಜಸ್ಟ್ ಮಾಡ್ಕೋ."

"ಮಾಡ್ಕೊಳ್ಳಲ್ಲ," ಎಂದಳು ಟಿಲ್ಲಾ. "ಹೊಸದು ಹೊಲಿಸಿ."