ಹಾಲವ್ವ ಕೂಗಿದ್ದು

ಮಾಡಗ್ಯಾಳದ ಕುರಿಗಾರರ ಬೀರವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿ, ಎರಡೂ ಕೈ ಮೇಲೆತ್ತಿ, “ಕೇಳ್ರಿ!” ಎಂದು ಒಮ್ಮೆಲೇ ಕೂಗಿದಾಗ ಅಂಗಳದಲ್ಲಿ ಹಲಗೆ ಬಾರಿಸುತ್ತಿದ್ದವರು ಬೆಚ್ಚಿ ಕೋಲು ನಿಲ್ಲಿಸಿದರು. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಹಾಲವ್ವನ ಹೆಣದ ಸುತ್ತ ಅಳುತ್ತಿದ್ದ ಹೆಂಗಸರೂ ಮೂಗು ಒರೆಸಿಕೊಂಡು ಇತ್ತ ತಿರುಗಿದರು.

“ಹಿಂಗ ಕೂಗಿದ್ಲು ನೋಡ್ರಿ ನಮ್ಮವ್ವ! ಮುಂಬೈ ಕೌನ್ಸಿಲ್ ಹಾಲಿನ್ಯಾಗ! ಮಂತ್ರಿ ಕೈಯಾಗಿನ ಕಾಗದ ಕೆಳಗ ಬಿತ್ತು. ಪೊಲೀಸರು ಓಡಿ ಬಂದ್ರು. ನಾಕ ಮಂದಿನ್ನ ನೂಕಿ ಒಗದ್ಲು!”

“ನೀ ಅಲ್ಲಿ ಹೋಗಿ ನೋಡಿ ಬಂದೀಯೇನು?” ಗುಂಪಿನಲ್ಲಿ ಯಾರೋ ಕೇಳಿದರು.

“ನಾ ಯಾಕ ಹೋಗಿ ನೋಡಬೇಕು? ಆಕಿ ಕೂಗಿದ ಮ್ಯಾಲೆ ನಮ್ಮ ಮಾಡಗ್ಯಾಳಕ್ಕ ಕುರಿ ಡಾಕ್ಟರ್ ಬಂದಿದ್ದು ನೋಡೀನಿ. ನನಗ ಅಷ್ಟ ಸಾಕು.”

ನಗು ಎದ್ದಿತು. ಸಾವಿನ ಮನೆಯಲ್ಲಿ ನಗಬಾರದೆಂದು ಒಬ್ಬರನ್ನೊಬ್ಬರು ತಿವಿದುಕೊಂಡರು. ತಿವಿಯುತ್ತಲೇ ಮತ್ತೆ ನಕ್ಕರು.

ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದ ಗುರುಲಿಂಗಪ್ಪ ಮಾತ್ರ ನಗಲಿಲ್ಲ, ಅಳಲೂ ಇಲ್ಲ. ಮೂರು ದಿನದ ಜ್ವರದಲ್ಲಿ ಹೆಂಡತಿ ಹೋಗಿಬಿಟ್ಟಿದ್ದಳು. ಬೆಳಗಿನಿಂದ ಅವನ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ಬಂದವರಿಗೆ ಅದೇನು ಹೊಸದಲ್ಲ. ಉಟಗಿಯ ಅವನ ಅಂಗಡಿಯಲ್ಲಿ ಉಣ್ಣೆ, ಜೋಳ ತೂಗುವವನು ಅವನಾದರೆ, ಗಿರಾಕಿಗಳ ಜೊತೆ ಮಾತಾಡುವವಳು ಹಾಲವ್ವ. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆಯಲ್ಲಿ, ಜತ್ತಿನಿಂದ ಮುಂಬೈ ವಿಧಾನಸಭೆಗೆ ಯಾರು ನಿಲ್ಲಬೇಕೆಂದು ಎರಡು ಬಣದವರು ಬಡಿದಾಡಿ, ಕೊನೆಗೆ ಇಬ್ಬರೂ ಒಪ್ಪಿದ್ದು ಅವನೊಬ್ಬನನ್ನೇ. ಗೆದ್ದು ಬಂದ ದಿನ ಹಾಲವ್ವ ಆರತಿ ಎತ್ತುತ್ತ ಹೇಳಿದ್ದಳು: “ನಿಮ್ಮನ್ನ ಯಾಕ ಆರಿಸಿದ್ರು ಗೊತ್ತೈತೇನ್ರಿ? ನೀವು ಇವತ್ತಿನ ತನಕ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಅದಕ್ಕ ಯಾರಿಗೂ ನಿಮ್ಮ ಮ್ಯಾಲೆ ಸಿಟ್ಟಿಲ್ಲ.”

ಅವನ ಐದು ವರ್ಷದ ಮುಂಬೈ ಮುಗಿದಿತ್ತು. ಆದರೆ ಹಾಲವ್ವ ಅಲ್ಲಿ ಕೂಗಿದ ಕತೆ ಮುಗಿದಿರಲಿಲ್ಲ. ಸಂತೆಯಿಂದ ಸಂತೆಗೆ ಹೋಗಿ, ಪ್ರತಿ ಬಾಯಲ್ಲೂ ಒಂದೊಂದು ಪೊಲೀಸನನ್ನು ಕೂಡಿಸಿಕೊಂಡು ಬೆಳೆದಿತ್ತು. ಗುರುಲಿಂಗಪ್ಪ ಒಮ್ಮೆಯೂ ತಾನಾಗಿ ಅದನ್ನು ಹೇಳಿರಲಿಲ್ಲ, ಬೇರೆಯವರು ಹೇಳಿದ್ದನ್ನು ತಿದ್ದಿಯೂ ಇರಲಿಲ್ಲ.

ಅವನ ಅಕ್ಕ ಶಿವಲಿಂಗವ್ವ ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

“ಗುರುಲಿಂಗಾ, ಹೊತ್ತು ನೆತ್ತಿಗಿ ಬಂತು. ಮಠದ ಅಯ್ಯಾರು ಆಗಳೇ ಬಂದು ಕುಂತಾರ. ಹೊಲದಾಗ ಕುಣಿ ತಗದು ಆಗೈತಿ. ಇನ್ನ ಎಷ್ಟೊತ್ತು ದಾರಿ ಕಾಯೂದು? ಆಕಿ ಅಣ್ಣ ಬರೂ ಆಸಾಮಿ ಅಲ್ಲ. ನಮ್ಮ ಮನಿ ಸೀರೀನ ಉಡಿಸಿ ಎತ್ತಿಬಿಡೂಣು.”

ತಾಯಿಯ ತಲೆ ವಾಲದಂತೆ ಹಿಡಿದು ಕೂತಿದ್ದ ಮಗಳು ಇಂದ್ರಾಬಾಯಿ ಅಲ್ಲಿಂದಲೇ ಅಂದಳು: “ಬ್ಯಾಡ ಅತ್ತಿ. ಮುತ್ತೈದಿ ಆಗಿ ಹೋಗ್ಯಾಳ ನಮ್ಮವ್ವ. ತವರಮನಿ ಸೀರಿ ಇಲ್ಲದ ಹೋಗಬಾರದು. ಮಾಮಾಗ ಹೇಳಿ ಕಳಿಸೀನಿ.”

ಬಾಲಗಾಂವದ ಅಣ್ಣಾರಾಯ ತಂಗಿಯ ಹೊಸ್ತಿಲು ತುಳಿಯದೆ ವರ್ಷಗಳೇ ಆಗಿದ್ದವು. ಯಾವುದೋ ಮರಾಠಿ ಪತ್ರಿಕೆಯಲ್ಲಿ ‘ಸಭಾಗೃಹದಲ್ಲಿ ಗದ್ದಲ: ಮಹಿಳೆ ಹೊರಕ್ಕೆ’ ಎಂದು ಬಂದದ್ದೇ ಸಾಕಾಯಿತು. ಜತ್ತಿನ ಸಂತೆಯಲ್ಲಿ ಒಬ್ಬ ಎಲ್ಲರೆದುರು ಅವನನ್ನು ಕೇಳಿದ್ದ: “ಅಣ್ಣಾರಾಯ, ನಿನ್ನ ತಂಗೀನ್ನ ಮುಂಬೈ ಪೊಲೀಸರು ರಟ್ಟಿ ಹಿಡದು ಎಳಕೊಂಡು ಹೋದ್ರಂತ, ಹೌದೇನು?” ಅಂದಿನಿಂದ ನಾಗರ ಪಂಚಮಿಗೆ ಕರೆಯಲು ತವರಿನ ಬಂಡಿ ಬರಲಿಲ್ಲ. ಹಾಲವ್ವ ಪ್ರತಿ ಪಂಚಮಿಗೂ ತಲೆ ಬಾಚಿಕೊಂಡು ಬಾಗಿಲಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದಳು. ಆಮೇಲೆ ಗಿರಾಕಿಗಳ ಮೇಲೆ ಎಂದಿಗಿಂತ ಜೋರಾಗಿ ಕೂಗಾಡುತ್ತಿದ್ದಳು.

“ಬಂದ್ರು! ಬಾಲಗಾಂವದವ್ರು ಬಂದ್ರು!” ಹೊರಗಿನಿಂದ ಕೂಗು ಕೇಳಿತು.

ಅಂಗಳವೆಲ್ಲ ಎದ್ದು ನಿಂತಿತು. ಅಣ್ಣಾರಾಯ ಬಂಡಿಯಿಂದ ಇಳಿದವನು ಒಳಗೆ ಬರಲಿಲ್ಲ. ಬೇವಿನ ಗಿಡದ ನೆರಳಲ್ಲಿ ಹಸಿರು ಇಳಕಲ್ಲ ಸೀರೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ನೆಲ ನೋಡುತ್ತ ನಿಂತುಬಿಟ್ಟ. ಒಳಗೆ ಕರೆಯಲು ಹೋದವರಿಗೆಲ್ಲ ಅವನದು ಒಂದೇ ಉತ್ತರ: “ಗುರುಲಿಂಗಪ್ಪನ್ನ ಕಳಸ್ರಿ.”

ಎಲ್ಲರ ಕಣ್ಣೂ ಕಂಬದ ಕಡೆ ತಿರುಗಿದವು. ಗುರುಲಿಂಗಪ್ಪ ಹೆಂಡತಿಯ ಮುಖ ನೋಡಿದ. ವಿಭೂತಿ ಬಳಿದ ಹಣೆ, ಮುಚ್ಚಿದ ಕಣ್ಣು. ಎದ್ದು, ಧೋತರ ಕೊಡವಿಕೊಂಡು, ಜನ ಬಿಟ್ಟ ದಾರಿಯಲ್ಲಿ ನಡೆದ.

“ಬರ್ರಿ, ಅಣ್ಣಾರಾಯರ.”

“ಬರ್ತೀನಿ. ಮದಲ ಒಂದ ಮಾತು ಖರೇ ಹೇಳ್ರಿ. ಊರ ಮಂದಿ ಹತ್ತ ನಮೂನಿ ಹೇಳತಾರ. ನೀವು ಅಲ್ಲೇ ಇದ್ರಿ. ನನ್ನ ತಂಗಿ ಅಲ್ಲಿ ಏನ್ ಮಾಡಿದ್ಲು? ಆಕೀನ್ನ ಯಾರು, ಹೆಂಗ ಮುಟ್ಟಿದ್ರು?”

ಗುರುಲಿಂಗಪ್ಪ ಎಂದಿನಂತೆ ಹಿಂದಕ್ಕೆ, ಪಡಸಾಲೆಯ ಕಡೆ ತಿರುಗಿದ. ಹಿಂದಿನಿಂದ ತಳ್ಳುವ ದನಿ ಇವತ್ತು ಬರುವಂತಿರಲಿಲ್ಲ. ಅವನು ತಾನೇ ಶುರು ಮಾಡಿದ.

*

ಆ ವರ್ಷ ಮಾಡಗ್ಯಾಳದ ಕಡೆ ಕುರಿಗಳಿಗೆ ಬೇನೆ ಬಿದ್ದಿತ್ತು. ಬೀರವ್ವ ಮತ್ತು ಅವಳ ಓಣಿಯ ಹೆಂಗಸರು ಉಟಗಿಗೆ ಬಂದು ಹಾಲವ್ವನ ಮುಂದೆ ಅತ್ತರು. ಕುರಿ ಮೇಯಿಸಿದರೆ ಮೇವಿನ ಪಟ್ಟಿ ಕಟ್ಟುತ್ತೇವೆ, ಉಣ್ಣೆ ಮಾರಿದರೆ ತೆರಿಗೆ ಕೊಡುತ್ತೇವೆ, ಕುರಿ ಸತ್ತರೆ ನೋಡಲು ಒಬ್ಬ ಡಾಕ್ಟರನೂ ಇಲ್ಲ. ಹಾಲವ್ವ ಗಂಡನನ್ನು ಕೂರಿಸಿ, ಸಾಲಿ ಮಾಸ್ತರನನ್ನು ಕರೆಸಿ ಪ್ರಶ್ನೆ ಬರೆಸಿದಳು: ಜತ್ತ ತಾಲೂಕಿನ ಕುರಿಗಾರರಿಂದ ಸರ್ಕಾರ ವಸೂಲು ಮಾಡಿದ್ದು ಎಷ್ಟು, ಅವರ ಕುರಿಗಳಿಗೆ ಖರ್ಚು ಮಾಡಿದ್ದು ಎಷ್ಟು?

“ನಾನೂ ಬರ್ತೀನಿ. ಕೋಟ ಹಾಕ್ಕೊಂಡು ದಿನಾ ಅಲ್ಲಿ ಏನ್ ಮಾಡ್ತೀರಿ ಅಂತ ಒಮ್ಮಿ ನೋಡ್ತೀನಿ,” ಎಂದು ರೊಟ್ಟಿ ಗಂಟು ಕಟ್ಟಿಕೊಂಡು ರೈಲು ಹತ್ತಿದಳು.

ಸಭೆಯ ಮೇಲಿನ ಗ್ಯಾಲರಿಯಲ್ಲಿ ಮುಂದಿನ ಸಾಲಿನಲ್ಲೇ ಅವಳಿಗೆ ಜಾಗ ಸಿಕ್ಕಿತು. ಕೆಳಗೆ ಸ್ಪೀಕರ್ ಸಾಹೇಬರು ಹೆಸರು ಕರೆದರು. ಗುರುಲಿಂಗಪ್ಪ ಎದ್ದು ತನ್ನ ಪ್ರಶ್ನೆಯ ನಂಬರು ಹೇಳಿದ. ಇಡೀ ವರ್ಷದಲ್ಲಿ ಅವನು ಆ ಸಭೆಯಲ್ಲಿ ಆಡಿದ ಮೊದಲ ಮಾತು ಅದೇ. ಮಂತ್ರಿಗಳು ಕಾಗದ ತೆಗೆದು ಎರಡೇ ಸಾಲಿನ ಉತ್ತರ ಓದಿದರು: ಅಂಕಿಸಂಖ್ಯೆಗಳನ್ನು ಜಿಲ್ಲೆಯ ಮಟ್ಟದಲ್ಲಿ ಇಡಲಾಗುತ್ತದೆ, ತಾಲೂಕಿನದು ಬೇರೆಯಾಗಿ ಲಭ್ಯವಿಲ್ಲ.

ಇನ್ನೇನಾದರೂ ಕೇಳುವುದಿದೆಯೇ ಎಂಬಂತೆ ಸ್ಪೀಕರ್ ಇವನತ್ತ ನೋಡಿದರು. ಕೇಳಬೇಕಾದದ್ದು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಸುತ್ತಲಿನ ಬಿಳಿ ಟೋಪಿಗಳು, ಮೇಲೆ ತಿರುಗುವ ಪಂಖಾ, ತನ್ನನ್ನೇ ನೋಡುತ್ತಿರುವ ನೂರಾರು ಕಣ್ಣು. ಅವನು ಕೂರಲೆಂದು ಬೆಂಚಿಗೆ ಕೈ ಊರಿದ. ಸ್ಪೀಕರ್ ಮುಂದಿನವರ ಹೆಸರು ಕರೆಯಲು ಬಾಯಿ ತೆರೆದರು.

“ಕೇಳ್ರಿ! ಹಂಗ ಕುಂದರಬ್ಯಾಡ್ರಿ! ಕೇಳ್ರಿ!”

ಆ ದನಿ ಮೇಲಿನಿಂದ ಬಿದ್ದು ನಾಲ್ಕೂ ಗೋಡೆಗೆ ಬಡಿಯಿತು. ಸಭೆಯೇ ಕತ್ತೆತ್ತಿತು. ಸ್ಪೀಕರ್ ಮೇಜು ಕುಟ್ಟಿದರು. ಇಬ್ಬರು ಕಾವಲುಗಾರರು ಗ್ಯಾಲರಿಗೆ ಓಡಿದರು. “ಬರ್ತೀನಿ ತಡೀರೆಪಾ, ಚಪ್ಪಲಿ ಮೆಟಗೋತೀನಿ,” ಎಂಬ ಹಾಲವ್ವನ ಮಾತು ಇಡೀ ಸಭೆಗೆ ಕೇಳಿತು. ಕನ್ನಡ ಬಲ್ಲವರೆಲ್ಲ ಗೊಳ್ಳೆಂದು ನಕ್ಕರು.

ಆ ನಗು ಗುರುಲಿಂಗಪ್ಪನ ಕಿವಿಗೆ ಬಿಸಿ ಎಣ್ಣೆಯಂತೆ ಇಳಿಯಿತು. ತನ್ನ ಹೆಂಡತಿ ಹೊರಗೆ ಹೋಗುತ್ತಿದ್ದಾಳೆ, ತಾನು ಕೂರುತ್ತಿದ್ದೇನೆ! ಅವನು ನೆಟ್ಟಗೆ ನಿಂತ.

“ಅಧ್ಯಕ್ಷರ, ನಮ್ಮ ತಾಲೂಕಿನ ಲೆಕ್ಕನ ಇಲ್ಲ ಅಂತಾರ ಮಂತ್ರಿಗಳು. ಲೆಕ್ಕನ ಇಲ್ಲಂದ್ರ, ನಮ್ಮ ತಾಲೂಕಿನ ಮಂದಿ ಕಡಿಂದ ಪಟ್ಟಿ ಯಾವ ಲೆಕ್ಕದ ಮ್ಯಾಲೆ ವಸೂಲಿ ಮಾಡ್ತೀರಿ? ತಗೊಳ್ಳೂ ಮುಂದ ನಾವು ಕಾಣ್ತೀವಿ, ಕೊಡೂ ಮುಂದ ಕಾಣೂದಿಲ್ಲೇನು?”

ಮೊದಲು, ಆಗಿನ್ನೂ ಮುಂಬೈ ರಾಜ್ಯದಲ್ಲೇ ಇದ್ದ ಧಾರವಾಡ, ಬೆಳಗಾವಿಯ ಸದಸ್ಯರು ಮೇಜು ಬಡಿದರು. ಅವರಲ್ಲೊಬ್ಬರು ಎದ್ದು ಮಾತನ್ನು ಮರಾಠಿಗೆ ತಂದರು; ಆಗ ಮರಾಠಿಯವರ ಬದಿ ನಗುತ್ತ ಎದ್ದಿತು. ಅದು ಗುಜರಾತಿಯವರ ಕಿವಿಗೆ ಮುಟ್ಟಿದಾಗ ಅವರೂ ಎದ್ದರು. ಮಂತ್ರಿಗಳೂ ನಕ್ಕರು, ಆಮೇಲೆ ನಗು ನಿಲ್ಲಿಸಿ ಕಾಗದ ತಿರುವಿದರು. ಅಷ್ಟರಲ್ಲಿ ಕೊಂಕಣದ ಕಡೆಯ ಒಬ್ಬರು ಎದ್ದು, “ಹಾಗಾದರೆ ನಮ್ಮ ತಾಲೂಕಿನದು?” ಎಂದರು. ಖಾನದೇಶದವರೊಬ್ಬರು, “ನಮ್ಮದು?” ಎಂದರು. ಆಳುವ ಪಕ್ಷದ ಬೆಂಚಿನಿಂದಲೇ ಇನ್ನೊಬ್ಬರು ಎದ್ದರು. ಪ್ರಶ್ನೆಯ ಮೇಲೆ ಪ್ರಶ್ನೆ. ಕೊನೆಗೆ ಮಂತ್ರಿಗಳು ಕೈ ಮೇಲೆತ್ತಿ, ಜತ್ತಿನ ಸದಸ್ಯರು ಕೇಳಿದ್ದು ನ್ಯಾಯವಾಗಿದೆ, ಅಂಕಿಸಂಖ್ಯೆ ತರಿಸಿ ಮುಂದಿನ ಅಧಿವೇಶನದಲ್ಲಿ ಸಭೆಯ ಮುಂದಿಡುತ್ತೇನೆ ಎಂದು ಮಾತು ಕೊಟ್ಟರು.

ಗುರುಲಿಂಗಪ್ಪ ಗ್ಯಾಲರಿಯ ಕಡೆ ಕತ್ತೆತ್ತಿದ. ಅಲ್ಲಿ ಅವಳಿರಲಿಲ್ಲ.

ಹೊರಗಿನ ಮೆಟ್ಟಿಲ ಮೇಲೆ ಇದ್ದಳು. ಒಬ್ಬ ಮುದಿ ಕಾವಲುಗಾರ ಕೊಟ್ಟ ನೀರು ಕುಡಿದು, ಅವನಿಗೆ ರೊಟ್ಟಿ ಚಟ್ನಿ ಕೊಟ್ಟು ಕೂತಿದ್ದಳು.

“ಕೇಳಿದ್ರೇನು?”

“ಕೇಳಿದೆ.”

“ಪೂರಾ ಕೇಳಿದ್ರಿ?”

“ಪೂರಾ.”

“ಮತ್ತ ಹಿಂಗ್ಯಾಕ ಬೆವತೀರಿ?” ಎಂದು ಹಾಲವ್ವ ಆ ದೊಡ್ಡ ದೊಡ್ಡ ಮಂದಿ ಓಡಾಡುವ ಮೆಟ್ಟಿಲ ಮೇಲೆ ಎದ್ದು ನಿಂತು, ಸೆರಗಿನಿಂದ ಅವನ ಮುಖ ಒರೆಸಿದಳು.

*

“ರಟ್ಟಿ ಹಿಡೀಲಿಲ್ಲ?” ಅಣ್ಣಾರಾಯ ಕೇಳಿದ.

“ಇಲ್ರಿ. ಆಕಿ ಚಪ್ಪಲಿ ಮೆಟ್ಟೂ ತನಕ ಕೈ ಕಟ್ಟಿ ನಿಂತಿದ್ರು. ದಾರಿ ತೋರಿಸಿ, ಬಾಗಲಾ ತಗದು ಕೊಟ್ರು. ಅಷ್ಟ. ಆಕಿ ಕೂಗದಿದ್ರ ನಾ ಕುಂದ್ರತಿದ್ದೆ, ಅಣ್ಣಾರಾಯರ. ಈಗ ಬಂದಾರಲ್ಲ ಇಷ್ಟು ಮಂದಿ, ಇವರು ಯಾರೂ ನನ್ನ ಮಾತಿಗೆ ಬಂದವರಲ್ಲ. ಆಕಿ ದನಿಗೆ ಬಂದವರು.”

ಅಂಗಳದ ಜನ ಬೇವಿನ ಗಿಡದ ತನಕ ಬಂದು ಕೇಳುತ್ತಿದ್ದರು. ಗುರುಲಿಂಗಪ್ಪ ಒಂದೇ ಸಮನೆ ಇಷ್ಟು ಮಾತಾಡಿದ್ದನ್ನು ಅವರು ಕಂಡೇ ಇರಲಿಲ್ಲ. ಪೊಲೀಸರು ಇಲ್ಲದ ಕತೆ ಬೀರವ್ವನಿಗೆ ಮೊದಲು ಸಪ್ಪೆ ಎನ್ನಿಸಿತು. ಆದರೆ ಚಪ್ಪಲಿಯ ಮಾತಿಗೆ ಅವಳು ಬಾಯಿಗೆ ಸೆರಗು ಒತ್ತಿ ಕುಲುಕಾಡುತ್ತಿದ್ದಳು.

ಅಣ್ಣಾರಾಯ ಮುಖ ತಿರುಗಿಸಿಕೊಂಡ. ಅಳುತ್ತಾನೆ ಅಂದುಕೊಂಡರು; ಅವನು ನಕ್ಕ. ನಗುತ್ತಲೇ ಕಣ್ಣೀರು ಇಳಿಯಿತು.

“ಅದು ನಾ ಕಲಿಸಿದ ದನಿ, ಗುರುಲಿಂಗಪ್ಪಾರ. ಸಣ್ಣಾಕಿ ಇದ್ದಾಗ ಜ್ವಾಳದ ಹೊಲದಾಗ ಅಟ್ಟದ ಮ್ಯಾಲೆ ನಿಂದ್ರಿಸಿ ಹಕ್ಕಿ ಹೊಡೀಲಾಕ ಕೂಗಸ್ತಿದ್ದೆ. ‘ಕುತಗೀಲಿಂದ ಅಲ್ಲ ಹಾಲಿ, ಹೊಟ್ಟೀಲಿಂದ ಕೂಗು,’ ಅಂತಿದ್ದೆ. ಆಕಿ ಕೂಗಿದ್ರ ಬಾಜೂ ಊರ ಹಕ್ಕೀನೂ ಏಳತಿದ್ವು.” ಅವನು ಸೀರೆಯನ್ನು ಎದೆಗೆ ಒತ್ತಿಕೊಂಡ. “ಎಷ್ಟು ಪಂಚಮಿ ಹೋದವು! ಕೇಳಲಾಕ ನನ್ನ ನಾಲಿಗಿಗಿ ಏನ್ ಆಗಿತ್ತು?”

ಅಣ್ಣಾರಾಯ ಹೊಸ್ತಿಲು ದಾಟಿ ಒಳಗೆ ಹೋದ. ಇಂದ್ರಾಬಾಯಿ ಮಾಮಾನ ಕೈಯಿಂದ ಸೀರೆ ತೆಗೆದುಕೊಂಡಳು. ಹೆಂಗಸರು ಸುತ್ತ ಮರೆಮಾಡಿ ನಿಂತರು. ಹಸಿರು ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು, ಹಾಲವ್ವ ಬಾಳೆದಿಂಡು ಚೆಂಡುಹೂ ಕಟ್ಟಿದ, ಹೆಗಲ ಮೇಲೆ ಹೊರುವ ವಿಮಾನದಲ್ಲಿ ನೆಟ್ಟಗೆ ಕೂತಳು. ಹಲಗೆ ಎದ್ದಿತು. ಅಣ್ಣಾರಾಯ ಮುಂದಿನ ಬಲಗಡೆಗೆ ಹೆಗಲು ಕೊಟ್ಟ, ಎಡಗಡೆಗೆ ಗುರುಲಿಂಗಪ್ಪ. ಮಾಡಗ್ಯಾಳದವರು, ಬಾಲಗಾಂವದವರು, ಯಾರ್‍ಯಾರೋ. ಹೊಲದ ದಾರಿ ಸಾಲದೆ ಜನ ಡಾಂಬರಿಲ್ಲದ ಸಡಕಿಗೆ ಹರಡಿಕೊಂಡರು.

ಎದುರಿನಿಂದ ಬಂದ ಎಸ್.ಟಿ. ಬಸ್ಸು ಹಾರ್ನ್ ಹೊಡೆದು, ಜನ ಸರಿಯದ್ದನ್ನು ಕಂಡು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ತೂಗಿ, ಇಷ್ಟೊಂದು ಜನವೇ ಎಂದು ಕಣ್ಣರಳಿಸಿ, ಹೋದವರು ಯಾರೆಂದು ಮರಾಠಿಯಲ್ಲಿ ಕೂಗಿ ಕೇಳಿದ.

ಯಾರಾದರೂ ಬಾಯಿ ತೆರೆಯುವ ಮೊದಲೇ ಅಣ್ಣಾರಾಯ ಕೂಗಿದ: “ನನ್ನ ತಂಗಿ! ಮಾಝೀ ಬಹೀಣ!”

ಡ್ರೈವರ್ ಇಂಜಿನ್ ಬಂದ್ ಮಾಡಿದ. ಕಂಡಕ್ಟರ್ ಟೋಪಿ ತೆಗೆದು ಕೆಳಗಿಳಿದ. ಅವನ ಹಿಂದೆ ಒಬ್ಬೊಬ್ಬರಾಗಿ ಬಸ್ಸಿನವರೆಲ್ಲ ಇಳಿದು, ಧೂಳು ತುಂಬಿದ ಸಡಕಿನ ಅಂಚಿನಲ್ಲಿ ಸಾಲಾಗಿ ನಿಂತರು. ಅವರ ತಲೆಗಳಿಗಿಂತ ಎತ್ತರದಲ್ಲಿ ಹಸಿರು ಸೆರಗು ಗಾಳಿಗೆ ಪಟಪಟ ಬಡಿಯುತ್ತ ಮುಂದೆ ಹೋಯಿತು.